ಗುರುತು ಬೇರೆ, ಗುಟ್ಟು ಬೇರೆ: ಲೆಕ್ಕಪತ್ರ ಕಾಯ್ದ ಕೀಲಿಗಳ ಇತಿಹಾಸ

ವ್ಯಾಪಾರಸ್ಥನ ಆಸ್ತಿ ಎಂದರೆ ಅಂಗಡಿಯಲ್ಲಿರುವ ಮಾಲು ಎಂದು ಹೊರಗಿನವರು ತಿಳಿಯುತ್ತಾರೆ. ಪೇಟೆಯ ಒಳಗಿನವರಿಗೆ ಗೊತ್ತು, ಅವನ ಆಸ್ತಿ ಲೆಕ್ಕದ ಪುಸ್ತಕ. ಮಾಲು ಹೋದರೆ ಮತ್ತೆ ತರಬಹುದು. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ಬರಹವೇ ಹೋದರೆ ಅಂಗಡಿ ಇದ್ದೂ ಇಲ್ಲದಂತೆ. ಆದ್ದರಿಂದಲೇ ಹಿಂದಿನವರು ಕಿರ್ದಿ, ಖತಾವಣಿಗಳನ್ನು ರೊಕ್ಕದ ಜೊತೆಗೆ ತಿಜೋರಿಯಲ್ಲಿಯೇ ಇಡುತ್ತಿದ್ದರು.

ಇಂದು ನಮ್ಮ ಕಲಘಟಗಿಯ ಪೇಟೆಯಲ್ಲಿ ರಾತ್ರಿ ಶಟರ್ ಎಳೆದು ಎರಡೂ ಕಡೆ ಕೀಲಿ ಜಡಿಯುವ ಅಂಗಡಿಕಾರನ ಲೆಕ್ಕ ಆ ಅಂಗಡಿಯೊಳಗೆ ಇರುವುದೇ ಇಲ್ಲ. ಬ್ಯಾಂಕಿನ ಖಾತೆ ಮೊಬೈಲಿನಲ್ಲಿ, ಜಿಎಸ್‌ಟಿ ಲೆಕ್ಕ ಸರ್ಕಾರದ ಜಾಲತಾಣದಲ್ಲಿ, ಗಿರಾಕಿಗಳ ಉದ್ರಿ ಯಾವುದೋ ಆ್ಯಪಿನಲ್ಲಿ. ನಮ್ಮೂರಿಗೆ ಹೆಸರು ತಂದ ಬಣ್ಣದ ತೊಟ್ಟಿಲಿಗೂ ಮುಂಗಡ ಹಣ ಈಗ ಫೋನಿನಲ್ಲೇ ಬರಬಹುದು. ಇವೆಲ್ಲಕ್ಕೂ ಇರುವ ಬಾಗಿಲು ಒಂದೇ, ಅದಕ್ಕೆ ‘ಲಾಗಿನ್’ ಎಂದು ಹೆಸರು. ಪದ ಹೊಸದು. ಆದರೆ ಅದು ಕೇಳುವ ಪ್ರಶ್ನೆಗಳು ಬಹಳ ಹಳೆಯವು. ‘ಲೆಕ್ಕವನ್ನು ಮುಟ್ಟಲು ಬಂದವನು ಯಾರು?’ ಎಂಬುದು ಮೊದಲನೆಯದು. ‘ಮುಟ್ಟಿದವನು ನಾಳೆ ನಾನಲ್ಲ ಎಂದರೆ ಏನು ಮಾಡುವುದು?’ ಎಂಬುದು ಎರಡನೆಯದು. ಈ ಎರಡು ಪ್ರಶ್ನೆಗಳಿಗೆ ನಮ್ಮ ನಾಡಿನವರು ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳನ್ನು ನೋಡುವುದೇ ಈ ಲೇಖನದ ಉದ್ದೇಶ.

ಹಿಂದೆ ಕನ್ನಡ ನಾಡಿನ ಶಾನಭೋಗರೂ ವ್ಯಾಪಾರಸ್ಥರೂ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಕಡತ ಎಂದರೆ ಇಂದಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆ ಬೀಜದ ಗಂಜಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಹುಳ ಹಿಡಿಯುವುದಿಲ್ಲ, ಹರಿಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಒಂದೇ ದೋಷವೆಂದರೆ ಒದ್ದೆ ಬಟ್ಟೆಯಿಂದ ಒರೆಸಿ ಅದೇ ಜಾಗದಲ್ಲಿ ಬೇರೆ ಅಂಕಿ ಬರೆಯಬಹುದಿತ್ತು. ಹಾಗಾದರೆ ಅದನ್ನು ನಂಬಿದ್ದು ಹೇಗೆ? ಬರೆದವನನ್ನು ಊರೇ ಬಲ್ಲದು ಎಂಬ ಒಂದೇ ಕಾರಣಕ್ಕೆ. ಪುಸ್ತಕಕ್ಕೆ ಕೀಲಿ ಇರಲಿಲ್ಲ, ಮನುಷ್ಯನೇ ಕೀಲಿಯಾಗಿದ್ದ.

ಧಾರವಾಡದ ಕೋಟೆ 1573ರಲ್ಲಿ ವಿಜಯಪುರದ ಆದಿಲ್‌ಶಾಹಿಗಳ ಕೈಸೇರಿತು. ಆ ಮನೆತನದ ಮೊದಲನೆಯ ಇಬ್ರಾಹಿಂ ಆದಿಲ್‌ಶಾಹ್ ಅದಕ್ಕೂ ಮೊದಲೇ ಸರ್ಕಾರಿ ಲೆಕ್ಕವನ್ನು ಪಾರಸಿಯಿಂದ ಸ್ಥಳೀಯರ ಭಾಷೆಗೆ ಬದಲಾಯಿಸಿದ್ದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಆದರೂ ಲೆಕ್ಕದ ಮಾತುಗಳು ಪಾರಸಿ, ಅರಬ್ಬಿಯಿಂದ ಬಂದವು ಹಾಗೆಯೇ ಉಳಿದವು. ಎರಡೂ ಭಾಷೆಗಳನ್ನು ಪಾಠ ಹೇಳುವ ನನಗೆ ಈ ಮಾತುಗಳು ಎದುರಾದಾಗಲೆಲ್ಲ ಸಂತೋಷವಾಗುತ್ತದೆ. ಜಮಾ, ಖರ್ಚು, ವಸೂಲಿ, ದಫ್ತರ, ಮೊಹರು, ರುಜು ಇವೆಲ್ಲ ಉರ್ದು ತರಗತಿಯಲ್ಲೂ ಇವೆ, ತಹಶೀಲ್ದಾರ ಕಚೇರಿಯ ಕನ್ನಡದಲ್ಲೂ ಇವೆ. ‘ಸಹಿ’ ಎಂಬ ಮಾತು ಅರಬ್ಬಿಯ ‘ಸಹೀಹ್’ನಿಂದ ಬಂದದ್ದು, ಅರ್ಥ ‘ಸರಿಯಾಗಿದೆ’ ಎಂದು. ಸಹಿ ಮಾಡುವವನು ತನ್ನ ಹೆಸರನ್ನು ಬರೆಯುತ್ತಿದ್ದೇನೆ ಎಂದುಕೊಳ್ಳುತ್ತಾನೆ. ಪದದ ಪ್ರಕಾರ ಅವನು ‘ಇದು ಸರಿ’ ಎಂದು ಸಾಕ್ಷಿ ನುಡಿಯುತ್ತಿದ್ದಾನೆ.

ನಮ್ಮ ಭಾಗದಲ್ಲಿ ಊರ ಹೊಲಗಳ ಲೆಕ್ಕ ಕುಲಕರ್ಣಿಯ ಮನೆಯಲ್ಲಿ ರುಮಾಲಿನಲ್ಲಿ ಕಟ್ಟಿಟ್ಟಿರುತ್ತಿತ್ತು. ಅದು ವಂಶಪಾರಂಪರ್ಯದ ವತನ. 1950ರ ಮುಂಬಯಿ ಸರ್ಕಾರದ ಕಾನೂನು ಆ ವತನವನ್ನು ರದ್ದು ಮಾಡಿದ ಮೇಲೆ ಸಂಬಳದ ತಲಾಟಿಗಳು ಬಂದರು. ಆದರೆ ದಫ್ತರ ಇದ್ದಲ್ಲಿಯೇ ಇತ್ತು: ಒಬ್ಬನ ಕೈಯಲ್ಲಿ, ಒಬ್ಬನ ಚೀಲದಲ್ಲಿ.

ವ್ಯಾಪಾರಸ್ಥರು ಮಾತ್ರ ಸರ್ಕಾರಕ್ಕಿಂತ ಮೊದಲೇ ಜಾಣರಾಗಿದ್ದರು. ಒಂದು ಪೇಟೆಯ ಸಾಹುಕಾರ ಇನ್ನೊಂದು ಪೇಟೆಗೆ ಹಣ ಕಳಿಸಲು ಹುಂಡಿ ಬರೆಯುತ್ತಿದ್ದ. ಹಾದಿಯಲ್ಲಿ ಯಾರಾದರೂ ನೂರನ್ನು ಸಾವಿರ ಮಾಡಿದರೆ? ಅದಕ್ಕೆಂದೇ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ‘ಇದರ ಅರ್ಧ ಇಷ್ಟು, ಆ ಅರ್ಧದ ಎರಡರಷ್ಟು ಇಷ್ಟು’ ಎಂದು ಮತ್ತೊಮ್ಮೆ ಬರೆಯುವ ರೂಢಿ ಇತ್ತು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಸಿಕ್ಕಿಬೀಳಬೇಕು. ಹುಂಡಿ ಕಳೆದುಹೋದರೆ ‘ಪೇಠ್’ ಎಂಬ ಎರಡನೆಯ ಪ್ರತಿ, ಅದೂ ಹೋದರೆ ‘ಪರ್‌ಪೇಠ್’ ಎಂಬ ಮೂರನೆಯ ಪ್ರತಿ ಬರೆದುಕೊಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ‘ಶಾಹ್‌ಜೋಗ್’ ಹುಂಡಿ. ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದ ಮಾತ್ರಕ್ಕೆ ಹಣ ಸಿಗುತ್ತಿರಲಿಲ್ಲ. ಪೇಟೆಯಲ್ಲಿ ಹೆಸರಿರುವ ಸಾಹುಕಾರನೊಬ್ಬನ ಮೂಲಕವೇ ಹಣ ಸಂದಾಯವಾಗಬೇಕಿತ್ತು. ಕೈಯಲ್ಲಿ ಕಾಗದವೂ ಬೇಕು, ತಂದವನು ಪರಿಚಿತನೂ ಆಗಿರಬೇಕು. ಇಂದಿನ ಬ್ಯಾಂಕುಗಳು ‘ಎರಡು ಹಂತದ ದೃಢೀಕರಣ’ ಎಂದು ಹೇಳುವ ವಿಚಾರ ಇದೇ ಅಲ್ಲವೇ?

ಸರ್ಕಾರಿ ಖಜಾನೆಯಲ್ಲಿಯೂ ಇಂಥದೇ ಪದ್ಧತಿ ಬಂತು. ಖಜಾನೆಯ ಭದ್ರಕೋಣೆಗೆ ಎರಡು ಕೀಲಿ. ಒಂದರ ಕೈ ಅಧಿಕಾರಿಯ ಬಳಿ, ಇನ್ನೊಂದರ ಕೈ ಖಜಾಂಚಿಯ ಬಳಿ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಬ್ಯಾಂಕಿನಲ್ಲಿ ಮ್ಯಾನೇಜರ್ ಮತ್ತು ಕ್ಯಾಶಿಯರ್ ತಿಜೋರಿಯನ್ನು ಜಂಟಿಯಾಗಿ ಕಾಯುವುದೂ ಹೀಗೆಯೇ. ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದಾಗಿನಿಂದ ನಮ್ಮ ಹಳ್ಳಿಗಳು ಸೊಸೈಟಿಯ ಲೆಕ್ಕವನ್ನು ಬಲ್ಲವು. ಅಧ್ಯಕ್ಷರದೊಂದು ಸಹಿ, ಕಾರ್ಯದರ್ಶಿಯದೊಂದು ಸಹಿ ಎಂದರೆ ಯಾರೂ ಅದನ್ನು ಅಪನಂಬಿಕೆ ಎಂದು ತಿಳಿಯುವುದಿಲ್ಲ.

ಈಗ ಬೆರಳಚ್ಚಿನ ಕಥೆಗೆ ಬರೋಣ. ಇದು ಪೊಲೀಸರ ಕಥೆ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಅದು ಹುಟ್ಟಿದ್ದು ವ್ಯಾಪಾರದ ಕರಾರಿನಲ್ಲಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದ. ರಸ್ತೆ ಕೆಲಸಕ್ಕೆ ಸಾಮಗ್ರಿ ಒದಗಿಸಲು ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನೊಂದಿಗೆ ಕರಾರು ಬರೆಸಿದ. ಆ ದಿನಗಳಲ್ಲಿ ಸಹಿ ಮಾಡಿದವರೇ ನಾಳೆ ‘ಇದು ನನ್ನ ಸಹಿಯಲ್ಲ’ ಎನ್ನುವುದು ಸಾಮಾನ್ಯವಾಗಿತ್ತು. ಹರ್ಷೆಲನಿಗೆ ಒಂದು ಯೋಚನೆ ಬಂತು. ಕಚೇರಿಯ ಮೊಹರಿಗೆ ಬಳಸುವ ಎಣ್ಣೆ ಮಸಿಯನ್ನು ಕೋನಾಯ್‌ನ ಅಂಗೈಗೆ ಬಳಿಸಿ, ಕರಾರಿನ ಹಿಂಬದಿಯಲ್ಲಿ ಇಡೀ ಕೈಯ ಅಚ್ಚು ತೆಗೆಸಿಕೊಂಡ. ಬೆರಳ ರೇಖೆಗಳ ಶಾಸ್ತ್ರ ಆಗ ಅವನಿಗೆ ಗೊತ್ತಿರಲಿಲ್ಲ. ನಾಳೆ ಕೋನಾಯ್ ಮಾತು ತಪ್ಪಬಾರದು ಎಂಬ ಹೆದರಿಕೆ ಹುಟ್ಟಿಸುವುದಷ್ಟೇ ಉದ್ದೇಶ. ಅಂದರೆ ನಮ್ಮ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಅದು ಹುಟ್ಟಿತು. ಮುಂದೆ ಹರ್ಷೆಲ್ ತನ್ನ ಮತ್ತು ಪರಿಚಿತರ ಬೆರಳಚ್ಚುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ, ಅವು ಬದಲಾಗುವುದಿಲ್ಲ ಎಂದು ಕಂಡುಕೊಂಡ. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರಿಗೂ, ಜೈಲಿನವರಿಗೂ, ದಸ್ತಾವೇಜು ನೋಂದಣಿಗೂ ಬೆರಳಚ್ಚನ್ನು ಬಳಕೆಗೆ ತಂದ. ಉಪನೋಂದಣಿ ಕಚೇರಿಯಲ್ಲಿ ನಾವು ಇಂದು ಒತ್ತುವ ಹೆಬ್ಬೆಟ್ಟಿನ ಮೂಲ ಅಲ್ಲಿದೆ.

ಆದರೆ ಸಾವಿರಾರು ಬೆರಳಚ್ಚುಗಳ ರಾಶಿಯಲ್ಲಿ ಒಂದನ್ನು ಹುಡುಕುವುದು ಹೇಗೆ? ಇದನ್ನು ಬಿಡಿಸಿದವರಲ್ಲಿ ಮುಖ್ಯರಾದವರು ಖಾಜಿ ಅಜೀಜುಲ್ ಹಕ್. ಇವರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಪೂರ್ವ ಬಂಗಾಳದ ಖುಲ್ನಾ ಭಾಗದವರು, ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು, ಗಣಿತದಲ್ಲಿ ಜಾಣರು. ಎಡ್ವರ್ಡ್ ಹೆನ್ರಿ ಎಂಬ ಪೊಲೀಸ್ ಅಧಿಕಾರಿ ಅವರನ್ನು ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿಸಿಕೊಂಡ. ಹತ್ತು ಬೆರಳುಗಳ ರೇಖೆಗಳ ಆಕಾರಕ್ಕೆ ಅಂಕಿ ಕೊಟ್ಟು, 32 ಅಡ್ಡಸಾಲು, 32 ಕಂಬಸಾಲು, ಒಟ್ಟು 1,024 ಗೂಡುಗಳಲ್ಲಿ ಕಾಗದಗಳನ್ನು ಹಂಚುವ ಲೆಕ್ಕವನ್ನು ಹಕ್ ಕಂಡುಹಿಡಿದರು. ಅವರ ಸಹೋದ್ಯೋಗಿ ಹೇಮಚಂದ್ರ ಬೋಸ್ ಬೆರಳಚ್ಚಿನ ವಿವರವನ್ನು ತಂತಿಯ ಮೂಲಕ ಕಳಿಸುವ ಸಂಕೇತ ರೂಪಿಸಿದರು. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. 1900ರಲ್ಲಿ ಪುಸ್ತಕ ಬಂತು. ಪುಸ್ತಕದ ಮೇಲೆ ಹೆನ್ರಿಯ ಹೆಸರು, ಪದ್ಧತಿಗೂ ಹೆನ್ರಿಯದೇ ಹೆಸರು. ಹೆನ್ರಿ ಲಂಡನ್ನಿನ ಪೊಲೀಸ್ ಮುಖ್ಯಸ್ಥನಾದ. ಹಕ್ ಅವರಿಗೆ ಬಹಳ ತಡವಾಗಿ ಖಾನ್ ಬಹಾದ್ದೂರ್ ಬಿರುದು ಮತ್ತು 5,000 ರೂಪಾಯಿ ಗೌರವಧನ ಬಂತು. ಇಂಗ್ಲೆಂಡಿನ ಬೆರಳಚ್ಚು ತಜ್ಞರ ಸಂಘ ಈಗ ಹಕ್ ಮತ್ತು ಬೋಸ್ ಇಬ್ಬರ ಹೆಸರಿನಲ್ಲಿ ಒಂದು ಬಹುಮಾನವನ್ನಿಟ್ಟಿದೆ. ಒಬ್ಬನ ಕೆಲಸ ಇನ್ನೊಬ್ಬನ ಹೆಸರಿನ ಖಾತೆಗೆ ಜಮಾ ಆಗುವುದು ಕಂಪ್ಯೂಟರ್ ಬರುವ ಮೊದಲೂ ಇತ್ತು ಎಂದು ಇಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಪಾಸ್‌ವರ್ಡ್ ಕಥೆ ಚಿಕ್ಕದು, ಸ್ವಲ್ಪ ನಗು ತರಿಸುವಂಥದು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1961ರಲ್ಲಿ ಫರ್ನಾಂಡೋ ಕೊರ್ಬಾಟೋ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಅನೇಕರು ಹಂಚಿಕೊಂಡು ಬಳಸುವ ವ್ಯವಸ್ಥೆ ಕಟ್ಟಿದರು. ಪ್ರತಿಯೊಬ್ಬನ ಕಡತಗಳು ಬೇರೆ ಬೇರೆಯಾಗಿರಲಿ ಎಂದು ಒಬ್ಬೊಬ್ಬರಿಗೆ ಒಂದೊಂದು ಗುಪ್ತಪದ ಕೊಟ್ಟರು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಕೊಟ್ಟ ಸಮಯ ಸಾಲದೆಂದು, ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿ ತೆಗೆದುಕೊಂಡ. 1966ರಲ್ಲಿ ಅದೇ ವ್ಯವಸ್ಥೆಯಲ್ಲಿ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಸ್ವಾಗತ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್‌ಗಳು ಕಾಣಿಸಿದವು. ಕೀಲಿಕೈಗಳನ್ನೆಲ್ಲ ಒಂದೇ ಗೂಟಕ್ಕೆ ತೂಗುಹಾಕಿದರೆ ಇನ್ನೇನಾಗುತ್ತದೆ?

ಆಮೇಲೆ ಪಾಸ್‌ವರ್ಡನ್ನು ಇದ್ದ ಹಾಗೆಯೇ ಇಡದೆ ಬೀಸಿ ಇಡುವ ಉಪಾಯ ಬಂತು. ಜೋಳ ಗಿರಣಿಗೆ ಹಾಕಿದರೆ ಹಿಟ್ಟಾಗುತ್ತದೆ, ಹಿಟ್ಟಿನಿಂದ ಮತ್ತೆ ಜೋಳ ಆಗುವುದಿಲ್ಲ. ಕಂಪ್ಯೂಟರು ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನೀವು ಟೈಪು ಮಾಡಿದ ಪಾಸ್‌ವರ್ಡನ್ನು ಮತ್ತೆ ಬೀಸಿ, ಹಿಟ್ಟಿಗೆ ಹಿಟ್ಟು ಹೋಲಿಸಿ ನೋಡುತ್ತದೆ. ಉಪಾಯ ಗಟ್ಟಿಯಾಗಿತ್ತು, ಮನುಷ್ಯ ಗಟ್ಟಿಯಾಗಿರಲಿಲ್ಲ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಾವು ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳ ಪೈಕಿ 2,831 ಸುಲಭವಾಗಿ ಸಿಕ್ಕಿಬೀಳುವಂಥವು ಎಂದು ಲೆಕ್ಕ ಕೊಟ್ಟಿದ್ದಾರೆ. ಅವೆಲ್ಲ ಬಹಳ ಚಿಕ್ಕವು, ಇಲ್ಲವೆ ಶಬ್ದಕೋಶದಲ್ಲಿ ಸಿಗುವ ಪದಗಳು. ಇಂದಿನ ನಮ್ಮ ಪೇಟೆಯಲ್ಲಿ ಅಂಗಡಿಯ ಹೆಸರಿನ ಮುಂದೆ 123 ಹಾಕುವವರು ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬಹುದು.

ಪಾಸ್‌ವರ್ಡಿಗೆ ಇನ್ನೊಂದು ರೋಗವಿದೆ, ಅದನ್ನು ಸಾಲ ಕೊಡಬಹುದು. ಕರ್ನಾಟಕದ ಕಂದಾಯ ಇಲಾಖೆ ‘ಭೂಮಿ’ ಯೋಜನೆ ರೂಪಿಸುವಾಗ ಈ ರೋಗಕ್ಕೆ ಮದ್ದು ಹುಡುಕಿತು. ಇದು ನಮ್ಮ ನಾಡಿನ ಲಾಗಿನ್ ಇತಿಹಾಸದಲ್ಲಿ ಬಹು ದೊಡ್ಡ ಅಧ್ಯಾಯ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಉತಾರ ಎಂದರೆ ನಮ್ಮ ಕಡೆಯ ರೈತನಿಗೆ ಜೀವ. ದಕ್ಷಿಣದವರು ಅದನ್ನು ಪಹಣಿ ಎನ್ನುತ್ತಾರೆ. ಸಾಲಕ್ಕೆ ಉತಾರ ಬೇಕು, ಕೋರ್ಟಿಗೆ ಉತಾರ ಬೇಕು, ಜಾಮೀನಿಗೂ ಉತಾರ ಬೇಕು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಾಧಿಕಾರಿಗಳ ಕೈಬರಹದ ಪುಸ್ತಕಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳಿದ್ದವು. ಪುಸ್ತಕ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಹೊಲ ಎಂಬಂತಿತ್ತು. ಹೆಸರೊಂದು ಬದಲಾದರೆ ಯಾರು ಬದಲಾಯಿಸಿದರು, ಯಾವತ್ತು ಬದಲಾಯಿಸಿದರು ಎಂದು ಹಿಡಿಯುವುದು ಕಷ್ಟವಾಗಿತ್ತು. ಕಪ್ಪು ಕಡತದ ಕಾಲದ ದೋಷ ಕಾಗದದ ಕಾಲದಲ್ಲೂ ಹೋಗಿರಲಿಲ್ಲ.

ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಂದಿಗೆ, 2001ರ ಸುಮಾರಿಗೆ ಒಂದೊಂದೇ ತಾಲೂಕಿನಲ್ಲಿ ಭೂಮಿ ಕೇಂದ್ರಗಳು ತೆರೆದವು. ಒಂದು ತಾಲೂಕಿನಲ್ಲಿ ಕೇಂದ್ರ ಪ್ರಾರಂಭವಾದೊಡನೆ ಕೈಬರಹದ ಉತಾರ ಅಲ್ಲಿ ಸಿಂಧುವಲ್ಲವೆಂದು ಸರ್ಕಾರ ಸಾರುತ್ತಿತ್ತು. 15 ರೂಪಾಯಿ ಕೊಟ್ಟರೆ ಮುದ್ರಿತ ಉತಾರ. ಇದು ಎಲ್ಲರಿಗೂ ನೆನಪಿರುವ ಭಾಗ. ಗಿರಾಕಿಗೆ ಕಾಣದ ಭಾಗವೊಂದು ಕಿಟಕಿಯ ಆಚೆ ಇತ್ತು. ಕಂಪ್ಯೂಟರಿನ ಮುಂದೆ ಕುಳಿತವರು ಒಳಗೆ ಹೋಗಲು ಪಾಸ್‌ವರ್ಡ್ ಒಂದೇ ಸಾಲುತ್ತಿರಲಿಲ್ಲ. ಯಂತ್ರದ ಮೇಲೆ ಬೆರಳಿಡಬೇಕಿತ್ತು. ಹಕ್ಕು ಬದಲಾವಣೆಯ ವಿವರವನ್ನು ಒಬ್ಬರು ತುಂಬಿದರೆ, ಕಾಗದದ ಆದೇಶವನ್ನು ಸ್ಕ್ಯಾನ್ ಮಾಡಿ ಇನ್ನೊಬ್ಬ ಅಧಿಕಾರಿ ಹೋಲಿಸಿ ನೋಡಿ, ತಮ್ಮ ಬೆರಳಿಟ್ಟು ದೃಢಪಡಿಸಬೇಕಿತ್ತು. ಯಾವ ಹೆಸರಿನ ಬದಲಾವಣೆಗೆ ಯಾರ ಬೆರಳು ಬಿದ್ದಿದೆ ಎಂಬುದು ದಾಖಲಾಗುತ್ತಿತ್ತು. ‘ನನ್ನ ಪಾಸ್‌ವರ್ಡ್ ಯಾರೋ ಬಳಸಿದರು’ ಎಂಬ ನೆಪ ಉಳಿಯಲಿಲ್ಲ. ಜಂಗೀಪುರದ ಕರಾರಿನ ಹಿಂಬದಿಯ ಕೈಯಚ್ಚು ನೂರ ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ ನಮ್ಮ ತಹಶೀಲ್ದಾರ ಕಚೇರಿಗಳಿಗೆ ಹೀಗೆ ಬಂದು ಮುಟ್ಟಿತು.

ಭೂಮಿ ಯೋಜನೆಯಿಂದ ಲಂಚವೇ ನಿಂತಿತು ಎನ್ನುವವರಿದ್ದಾರೆ. ಹಳ್ಳಿಯಲ್ಲಿ ಆಗುತ್ತಿದ್ದ ವ್ಯವಹಾರ ತಾಲೂಕಿಗೆ ಸ್ಥಳಾಂತರವಾಯಿತು ಅಷ್ಟೇ ಎಂದು ಬರೆದ ಸಂಶೋಧಕರೂ ಇದ್ದಾರೆ. ಎರಡರಲ್ಲೂ ಸತ್ಯದ ಅಂಶವಿದೆ ಎಂದು ನನ್ನ ಅಭಿಪ್ರಾಯ. ಆದರೆ ದಾಖಲೆ ಮುಟ್ಟಿದ ಕೈ ಯಾವುದು ಎಂದು ಕೇಳುವ ಹಕ್ಕು ರೈತನಿಗೆ ಸಿಕ್ಕಿದ್ದು ಸಣ್ಣ ಮಾತಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಭೂಮಿ ಕೇಂದ್ರದಲ್ಲಿ ಬೆರಳಿಡುವವರು ಸರ್ಕಾರದ ಪರಿಚಿತ ನೌಕರರು, ಇಡುವ ಜಾಗ ಸರ್ಕಾರಿ ಕೊಠಡಿ, ಸುತ್ತ ನಾಲ್ಕು ಕಣ್ಣುಗಳು. ಅಲ್ಲಿ ಬೆರಳು ‘ಗುರುತು’ ಆಗಿ ಕೆಲಸ ಮಾಡಿತು. ಅದೇ ಬೆರಳನ್ನು ‘ಗುಟ್ಟು’ ಎಂದು ತಿಳಿದು ಹಣದ ಬಾಗಿಲಿಗೆ ಏಕೈಕ ಕೀಲಿ ಮಾಡಿದರೆ ಕಥೆಯೇ ಬೇರೆ. ಭೂಮಿ ಕೇಂದ್ರಗಳು ತೆರೆಯುತ್ತಿದ್ದ ದಿನಗಳಲ್ಲಿಯೇ, 2002ರಲ್ಲಿ, ಜಪಾನಿನ ಯೊಕೊಹಾಮಾದ ಪ್ರಾಧ್ಯಾಪಕ ಸುಟೊಮು ಮಾತ್ಸುಮೊಟೊ ಮಿಠಾಯಿಗೆ ಬಳಸುವ ಜಿಲೆಟಿನ್‌ನಿಂದ ನಕಲಿ ಬೆರಳು ಮಾಡಿ, 11 ಬಗೆಯ ಬೆರಳಚ್ಚು ಯಂತ್ರಗಳನ್ನು ಮೋಸಗೊಳಿಸಿ ತೋರಿಸಿದ್ದರು. 2018ರಲ್ಲಿ ನೆರೆಯ ತೆಲಂಗಾಣದಲ್ಲಿ ನೋಂದಣಿ ದಸ್ತಾವೇಜುಗಳಿಂದ ಹೆಬ್ಬೆಟ್ಟಿನ ಅಚ್ಚು ತೆಗೆದು ಸಿಮ್ ಕಾರ್ಡು ಚಾಲೂ ಮಾಡಿದ ಪ್ರಕರಣ ಹೊರಬಂತು. ಎಚ್ಚರಿಕೆ ಬಾಗಿಲಿಗೇ ಬಂದಿತ್ತು.

2023ರಲ್ಲಿ ಅದು ನಮ್ಮ ರಾಜ್ಯದೊಳಗೇ ನಡೆಯಿತು. ಆಧಾರ್ ಆಧಾರಿತ ಪಾವತಿ ಎಂಬ ವ್ಯವಸ್ಥೆ ಇದೆ. ಬ್ಯಾಂಕ್ ಮಿತ್ರರ ಬಳಿ ಹೋಗಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಹೇಳಿ ಬೆರಳಿಟ್ಟರೆ ಒಂದು ಸಲಕ್ಕೆ 10,000 ರೂಪಾಯಿಯವರೆಗೆ ತೆಗೆಯಬಹುದು. ಎಟಿಎಂ ಇಲ್ಲದ ಹಳ್ಳಿಯ ಮುದುಕರಿಗೆ ಇದು ದೊಡ್ಡ ಉಪಕಾರ. ಪಿನ್ ಬೇಡ, ಒಟಿಪಿ ಬೇಡ. ವಂಚಕರು ಮಾಡಿದ್ದೇನೆಂದರೆ, ಉಪನೋಂದಣಿ ಕಚೇರಿಯ ‘ಕಾವೇರಿ’ ವ್ಯವಸ್ಥೆಯ ಮೂಲಕ ಸಿಗುವ ಖರೀದಿಪತ್ರಗಳ ಪ್ರತಿ ಪಡೆದರು. ಅವುಗಳಲ್ಲಿ ಮಾರಿದವರ, ಕೊಂಡವರ ಹೆಸರು, ಆಧಾರ್ ಸಂಖ್ಯೆ, ಸ್ಪಷ್ಟವಾದ ಹೆಬ್ಬೆಟ್ಟಿನ ಗುರುತು ಎಲ್ಲವೂ ಒಂದೇ ಕಡೆ ಇದ್ದವು. ಆ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ ಖಾತೆಗಳಿಂದ ಹಣ ತೆಗೆದರು. ಬೆಂಗಳೂರು, ಮಂಗಳೂರುಗಳಲ್ಲಿ ಜನ ಪೊಲೀಸ್ ಠಾಣೆಗೆ ಸಾಲುಗಟ್ಟಿದರು. ಅವರಲ್ಲಿ ಯಾರೂ ಪಿನ್ ಹೇಳಿದವರಲ್ಲ, ಯಾವ ಕೊಂಡಿಯನ್ನೂ ಒತ್ತಿದವರಲ್ಲ. ಅವರು ಮಾಡಿದ್ದು ಮನೆಯನ್ನೋ ನಿವೇಶನವನ್ನೋ ಕಾನೂನು ಪ್ರಕಾರ ನೋಂದಣಿ ಮಾಡಿಸಿದ್ದು ಮಾತ್ರ. ಬಂಧನಗಳಾದವು. ನೋಂದಣಿ ಇಲಾಖೆ ಜಾಲತಾಣದ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಕೈಗೊಂಡಿತು.

1877ರಲ್ಲಿ ಹರ್ಷೆಲ್ ದಸ್ತಾವೇಜಿನ ಮೇಲೆ ಬೆರಳು ಒತ್ತಿಸಿದ್ದು ಎಲ್ಲರೂ ನೋಡಲಿ ಎಂದೇ. ಅದು ಬಹಿರಂಗ ಗುರುತು. ಒಂದೂವರೆ ಶತಮಾನದ ನಂತರ ಅದೇ ಗುರುತನ್ನು ರಹಸ್ಯ ಕೀಲಿಕೈಯಂತೆ ಬಳಸಿದಾಗ, ನೋಂದಣಿ ಕಚೇರಿಯ ಕಪಾಟುಗಳೆಲ್ಲ ಜನರ ಕೀಲಿಕೈಗಳ ಗೊಂಚಲಾಗಿಬಿಟ್ಟವು. ಪಾಸ್‌ವರ್ಡ್ ಸೋರಿದರೆ ಸಂಜೆಯೊಳಗೆ ಬದಲಾಯಿಸಬಹುದು. ಹೆಬ್ಬೆರಳು ಸೋರಿದರೆ ಏನು ಬದಲಾಯಿಸುವುದು? ಆದ್ದರಿಂದಲೇ ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ. ಬೇಕಾದಾಗ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಬಹುದು. ಹೊಲ, ಮನೆ ನೋಂದಣಿ ಮಾಡಿಸಿದ ಸದಸ್ಯರು ಈ ಲೇಖನ ಓದಿದ ದಿನವೇ ಆ ಲಾಕ್ ಹಾಕಿಕೊಂಡರೆ ನನ್ನ ಶ್ರಮ ಸಾರ್ಥಕ.

ಇನ್ನು ವ್ಯಾಪಾರದ ಖಾತೆಗಳು. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಲ್ಲಿ ಗುತ್ತಿಗೆದಾರರು ಟೆಂಡರಿಗೆಂದು ಇಟ್ಟ ಠೇವಣಿಯ ಹಣದಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚು ಬೇರೆಯವರ ಖಾತೆಗಳಿಗೆ ಹೋಗಿ, ಸಿಐಡಿ ತನಿಖೆ ನಡೆಯಿತು. ಸರ್ಕಾರದ ಬಾಗಿಲೇ ಹೀಗಾದರೆ ಸಣ್ಣ ವ್ಯಾಪಾರಿ ಏನು ಮಾಡಬೇಕು ಎಂದು ನೀವು ಕೇಳಬಹುದು. ಆದರೆ ಸಣ್ಣ ವ್ಯಾಪಾರಿಯ ಬಾಗಿಲನ್ನು ಒಡೆಯುವ ಶ್ರಮ ವಂಚಕನಿಗೆ ಬೇಕಾಗುವುದೇ ಇಲ್ಲ, ಕೀಲಿಕೈ ಆಗಲೇ ಹಲವರ ಕೈಯಲ್ಲಿರುತ್ತದೆ. ಜಿಎಸ್‌ಟಿ ಲಾಗಿನ್ ತೆರಿಗೆ ಸಲಹೆಗಾರರ ಬಳಿ, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆಯೂ ಅವರದೇ. ಟೆಂಡರ್ ಹಾಕುವವರ ಡಿಜಿಟಲ್ ಸಹಿಯ ಪೆನ್‌ಡ್ರೈವಿನಂಥ ಟೋಕನ್ ಏಜೆಂಟರ ಮೇಜಿನ ಖಾನೆಯಲ್ಲಿ. ಅಂಗಡಿಯ ಫೋನಿನ ಪಿನ್ ಕೆಲಸದ ಹುಡುಗರೆಲ್ಲರಿಗೂ ಗೊತ್ತು. ಸಲಹೆಗಾರರು ಪ್ರಾಮಾಣಿಕರೇ ಇರಬಹುದು, ಹುಡುಗರೂ ಒಳ್ಳೆಯವರೇ. ಖಜಾನೆಯ ಅಧಿಕಾರಿಯೂ ಖಜಾಂಚಿಯೂ ಪ್ರಾಮಾಣಿಕರೇ ಅಲ್ಲವೇ? ಆದರೂ ಎರಡು ಕೀಲಿ ಏಕೆ ಇಟ್ಟರು? ನಾಳೆ ನಿಮ್ಮ ಲಾಗಿನ್ನಿನಿಂದ ಸುಳ್ಳು ಬಿಲ್ಲು ಹುಟ್ಟಿದರೆ ನೋಟೀಸು ಬರುವುದು ನಿಮ್ಮ ಹೆಸರಿಗೆ. ಆಗ ‘ನಾನಲ್ಲ’ ಎನ್ನಲು ಆಧಾರ ಏನಿರುತ್ತದೆ? ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ನಾವೇ ಕೈಯಾರೆ ಕೊಟ್ಟಿದ್ದರೆ ಮೋಸವನ್ನು ಸಾಬೀತು ಮಾಡುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಕೀಲಿಯ ವಿಷಯದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. ಕಾರ್ಡನ್ನು ಆನ್‌ಲೈನಿನಲ್ಲಿ ಬಳಸುವಾಗ ಕಾರ್ಡಿನ ಮೇಲೆ ಕಾಣದ ಇನ್ನೊಂದು ದೃಢೀಕರಣ ಕಡ್ಡಾಯವೆಂದು ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಜಾರಿ ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಡಿಜಿಟಲ್ ಪಾವತಿಗೆ ಕನಿಷ್ಠ ಎರಡು ದೃಢೀಕರಣ ಬೇಕು, ಅವುಗಳಲ್ಲಿ ಒಂದು ಆ ವ್ಯವಹಾರಕ್ಕೆಂದೇ ಹೊಸದಾಗಿ ಹುಟ್ಟಿದ್ದಿರಬೇಕು ಎಂದು ಹೇಳಿ, 2026ರ ಏಪ್ರಿಲ್ 1ರ ಗಡುವು ಕೊಟ್ಟಿತು. ಒಟಿಪಿ ಅಂಥದೊಂದು. ಆದರೆ ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಯನ್ನು ಫೋನಿನಲ್ಲಿ ಮಾತಾಡಿಸಿ ಕೇಳಿ ಪಡೆಯುವವರಿದ್ದಾರೆ. ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ತೆಗೆಸಿಕೊಳ್ಳುವವರೂ ಇದ್ದಾರೆ. ಫೋನಿನೊಳಗೇ ಅರ್ಧ ನಿಮಿಷಕ್ಕೊಮ್ಮೆ ಹೊಸ ಅಂಕಿ ಹುಟ್ಟಿಸುವ ಆ್ಯಪುಗಳು ಸಿಮ್ಮಿನ ಮೋಸದಿಂದ ಕಾಪಾಡುತ್ತವೆ. ಅವು ಉಚಿತ. ಇ-ಮೇಲಿಗೆ ಮೊದಲು ಅದನ್ನು ಹಾಕಬೇಕು. ಏಕೆಂದರೆ ಅನೇಕ ಖಾತೆಗಳ ಪಾಸ್‌ವರ್ಡ್ ‘ಮರೆತುಹೋಗಿದೆ’ ಎಂದಾಗ ಹೊಸದು ಬರುವುದು ಇ-ಮೇಲಿಗೇ. ಅಂಗಡಿಯವರು ಬಹಳ ಸಲ ಅದನ್ನೇ ಅಲಕ್ಷ್ಯ ಮಾಡಿರುತ್ತಾರೆ. ಪಾಸ್‌ವರ್ಡ್ ಉದ್ದವಾಗಿರಲಿ, ನಾಲ್ಕೈದು ಸಂಬಂಧವಿಲ್ಲದ ಪದಗಳನ್ನು ಜೋಡಿಸಿದರೂ ಸಾಕು. ಒಂದು ಖಾತೆಯದು ಇನ್ನೊಂದಕ್ಕೆ ಬೇಡ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಬರೆದು ತಿಳಿಸಬೇಕು. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ತಟ್ಟಬಾರದೆಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ನಿಯಮ ಮಾಡಿತು.

ಜಿಎಸ್‌ಟಿಯ ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಜಾಲತಾಣಗಳಲ್ಲಿ ಮೊದಲು 100 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನವರಿಗೆ 2023ರಲ್ಲಿ ಎರಡನೆಯ ದೃಢೀಕರಣ ಕಡ್ಡಾಯವಾಯಿತು. 2025ರ ಜನವರಿಯಲ್ಲಿ 20 ಕೋಟಿ, ಫೆಬ್ರವರಿಯಲ್ಲಿ 5 ಕೋಟಿ ಮೀರಿದವರಿಗೆ ಬಂದು, ಏಪ್ರಿಲ್ 1ರಿಂದ ಉಳಿದ ಎಲ್ಲರಿಗೂ ಬಂತು. ಅಂದರೆ ಇ-ವೇ ಬಿಲ್ ತೆಗೆದು ಲಾರಿಯಲ್ಲಿ ಮಾಲು ಕಳಿಸುವ ನಮ್ಮ ತಾಲೂಕಿನ ಸಣ್ಣ ವ್ಯಾಪಾರಿಗೂ ಇದು ಅನ್ವಯ. ಹಲವರು ಇದನ್ನು ಕಿರುಕುಳ ಎಂದು ಗೊಣಗುತ್ತಾರೆ, ಒಟಿಪಿ ಬರುವ ಮೊಬೈಲ್ ಸಂಖ್ಯೆಯನ್ನು ಗುಮಾಸ್ತನದೇ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹಾಗೆ ಮಾಡಬೇಕಾದ ಅಗತ್ಯವಿಲ್ಲ. ಅದೇ ಜಾಲತಾಣದಲ್ಲಿ ಮಾಲೀಕನ ಹೆಸರಿನಡಿ ಉಪಬಳಕೆದಾರರನ್ನು ಸೇರಿಸುವ ಸೌಲಭ್ಯವಿದೆ. ಗುಮಾಸ್ತನಿಗೆ ಅವನದೇ ಹೆಸರಿನ ಲಾಗಿನ್, ಅವನದೇ ಮೊಬೈಲಿಗೆ ಒಟಿಪಿ, ಅವನಿಗೆ ಬೇಕಾದಷ್ಟೇ ಕೆಲಸದ ಅಧಿಕಾರ. ಅವನು ಕೆಲಸ ಬಿಟ್ಟ ದಿನ ಆ ಒಂದು ಹೆಸರನ್ನು ತಡೆಹಿಡಿದರೆ ಸಾಕು, ಮಾಲೀಕನ ಕೀಲಿ ಬದಲಾಯಿಸಬೇಕಾಗಿಲ್ಲ.